ಫೋನಿನಲ್ಲಿ ಆರಿಸಿದ ಕೊಳಲು

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಬಾಳಗಡಿಗೆ ಹೋಗುವ ರಸ್ತೆಯಲ್ಲಿ ಕಾಂತೇಶನ ಪಾತ್ರೆ ಅಂಗಡಿ ಇತ್ತು. ಗಿರಾಕಿಗಳು ಕಡಿಮೆಯಾಗುವ ಮಧ್ಯಾಹ್ನದ ಹೊತ್ತು ಆ ಅಂಗಡಿಯೊಳಗಿಂದ ಕೊಳಲು ಕೇಳಿಸುತ್ತಿತ್ತು. ಊದುತ್ತಿದ್ದವಳು ಕಾಂತೇಶನ ಹೆಂಡತಿ ನೀಲಾಂಬಿಕೆ. ನರಸಿಂಹರಾಜಪುರದ ಹುಡುಗಿ. ಅವಳ ಅಪ್ಪ ವೀರಪ್ಪ ಅಲ್ಲಿ ಜಿನಸಿ ಅಂಗಡಿ ಇಟ್ಟುಕೊಂಡು ಭಜನೆಗೆ ಕೊಳಲು ಊದುತ್ತಿದ್ದವರು. ಅವರು ದೊಡ್ಡ ಮಗಳ ಕೈಗೂ ಕೊಳಲು ಕೊಟ್ಟಿದ್ದರು. ಹೆಣ್ಣುಮಗಳಿಗೆ ಯಾಕಪ್ಪಾ ಇದು ಎಂದು ಕೇಳಿದರೆ ವೀರಪ್ಪ ತಮ್ಮ ಪಾಡಿಗೆ ಸಕ್ಕರೆ ತೂಗುತ್ತಲೇ ಇರುತ್ತಿದ್ದರು. ಅಪ್ಪ ಹೋದಮೇಲೆ ಅವರ ಉದ್ದನೆಯ ಬಿದಿರು ಕೊಳಲು ನೀಲಾಂಬಿಕೆಯ ಜೊತೆ ಕೊಪ್ಪಕ್ಕೆ ಬಂತು. ಮಾಮೂಲಿ ಕೊಳಲಿಗಿಂತ ದಪ್ಪ, ದನಿಯೂ ಅಷ್ಟೇ ಕೆಳಗಿನದು.

ಆ ದನಿ ಕೇಳಿಯೇ ಕಲ್ಲಮ್ಮ ಒಂದು ದಿನ ಅಂಗಡಿಯ ಕಂಬಕ್ಕೆ ಒರಗಿ ನಿಂತದ್ದು. ಕಲ್ಲಮ್ಮ ಶೃಂಗೇರಿ ಕಡೆಯ ಬೇಗಾರಿನವರು, ಅಡಿಕೆ ಸುಲಿಯುವ ಕೆಲಸ. ಮಗಳನ್ನು ಕೊಪ್ಪಕ್ಕೆ ಕೊಟ್ಟಿದ್ದರಿಂದ ಆಗಾಗ ಬರುತ್ತಿದ್ದರು. ಅನ್ನ ಬಸಿಯುವ ತಟ್ಟೆ ಕೊಳ್ಳಲು ಬಂದವರು ತಟ್ಟೆ ಮರೆತು ಕೇಳುತ್ತಾ ನಿಂತರು. ಆಮೇಲೆ ಕೊಳಲಿನ ಕೆಳಗೆ ತಮ್ಮ ದನಿ ಸೇರಿಸಿದರು. ಕಣ್ಣು ಮುಚ್ಚಿ ಕೇಳಿದರೆ ಗಂಡಸು ಹಾಡುತ್ತಿದ್ದಾನೆ ಅನ್ನಿಸುವಂಥ ದನಿ. ಸ್ವಲ್ಪ ಒರಟು, ಅದರೊಳಗೆ ಉಸಿರು ಓಡಾಡುವುದು ಕೇಳಿಸುತ್ತಿತ್ತು. ನೀಲಾಂಬಿಕೆಯ ಬೆರಳು ಒಂದು ಕ್ಷಣ ತಡೆಯಿತು.

"ನಿಲ್ಸಬೇಡ ಮಾರಾಯ್ತಿ, ನೀನು ಊದ್ತಿರು" ಎಂದರು ಕಲ್ಲಮ್ಮ. "ಇದು ನಮ್ಮ ಹಾಡಲ್ಲ. ಆದ್ರೂ ನಮ್ಮ ಹಾಡಿಗೆ ಸರಿ ಕೂರ್ತದೆ."

ಅಲ್ಲಿಂದ ಶುರುವಾಯಿತು. ಕಲ್ಲಮ್ಮನ ಜೊತೆ ಸೋಬಾನೆಗೆ ಹೋಗುತ್ತಿದ್ದ ಹೊನ್ನಕ್ಕ, ಸೀತಕ್ಕ ಇಬ್ಬರ ಸಾಲಿಗೆ ಪಾತ್ರೆ ಅಂಗಡಿಯ ನೀಲಾಂಬಿಕೆಯೂ ಸೇರಿದಳು. ಮದುವೆಮನೆಯಲ್ಲಿ ಕಲ್ಲಮ್ಮ ಒಂದು ಸಾಲು ಎತ್ತುವರು, ಉಳಿದಿಬ್ಬರು ಅದನ್ನೇ ತಿರುಗಿ ಹಾಡುವರು, ಕೊಳಲು ಎರಡರ ನಡುವೆ ಬಿಡದೆ ಹರಿಯುವುದು. ಸೋಬಾನೆಗೆ ಕೊಳಲು ಎಂದು ಯಾರೂ ಕೇಳಿರಲಿಲ್ಲ. ಕಿಗ್ಗದ ಒಂದು ಮದುವೆಯಲ್ಲಿ ಹಿರಿಯರೊಬ್ಬರು ಗೊಣಗಿದರು ಕೂಡ. ಹಾಡು ಮುಗಿಯುವ ಹೊತ್ತಿಗೆ ಅಡುಗೆಮನೆಯ ಸದ್ದು ನಿಂತು, ಸೌಟು ಹಿಡಿದವರೆಲ್ಲ ಬಾಗಿಲಲ್ಲಿ ಸೇರಿದ್ದರು. ಗೊಣಗಿದವರು ಇನ್ನೊಂದು ಹಾಡು ಕೇಳಿದರು.

ಹೀಗೆ ನಾಲ್ಕಾರು ವರ್ಷ ನಡೆಯಿತು. 2006ರ ಚಳಿಗಾಲದ ಒಂದು ಬೆಳಿಗ್ಗೆ ನೀಲಾಂಬಿಕೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸುರಿದುಹೋಯಿತು. ಕನ್ನಡಿ ನೋಡಿದರೆ ಎಡಗಣ್ಣು ಮುಚ್ಚುತ್ತಿಲ್ಲ, ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ. ಕಾಂತೇಶ ಅಂಗಡಿ ತೆರೆಯದೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಓಡಿದ. ಹೆದರಬೇಡಿ, ಇದು ಮೆದುಳಿನದ್ದಲ್ಲ, ಮುಖದ ನರದ್ದು ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಮುಖಕ್ಕೆ ವ್ಯಾಯಾಮ ಹೇಳಿದರು. ಕಣ್ಣು ಮೊದಲು ಸರಿಹೋಯಿತು. ಮಾತು ಸ್ಪಷ್ಟವಾಯಿತು. ಕೆನ್ನೆಯೂ ತುಂಬಿಕೊಂಡಿತು. ತುಟಿಯ ಎಡ ಮೂಲೆ ಮಾತ್ರ ಮೊದಲಿನಂತಾಗಲಿಲ್ಲ.

ಬೇರೆಯವರಿಗಾದರೆ ಅದು ದೊಡ್ಡ ಮಾತಲ್ಲ. ನಗುವಾಗ ಸ್ವಲ್ಪ ಸೊಟ್ಟ ಕಾಣುತ್ತದೆ, ಅಷ್ಟೆ. ಆದರೆ ಬಿದಿರು ಕೊಳಲು ಊದುವವರು ಎರಡೂ ತುಟಿ ಬಿಗಿದು, ಗಾಳಿಯನ್ನು ಎಳೆಯಷ್ಟು ತೆಳುವಾಗಿಸಿ ತೂತಿನ ಅಂಚಿಗೆ ತಾಗಿಸಬೇಕು. ಅರ್ಧ ತುಟಿಯಲ್ಲಿ ಅದು ಆಗದು. ಅವಳು ಊದಿದರೆ ಬರೀ ಗಾಳಿಯ ಸದ್ದು. ಆರು ತಿಂಗಳು ಬಿಡದೆ ಪ್ರಯತ್ನಪಟ್ಟಳು. ಕೊಳಲನ್ನು ಬಲಕ್ಕೆ ಸರಿಸಿ ನೋಡಿದಳು, ಬೆರಳಿಂದ ತುಟಿ ಒತ್ತಿ ನೋಡಿದಳು, ಒತ್ತಿದರೆ ಸ್ವರಕ್ಕೆ ಬೆರಳು ಸಾಲಲಿಲ್ಲ. ಕೊನೆಗೆ ಒಂದು ದಿನ ಕೊಳಲನ್ನು ಎಣ್ಣೆ ಹಚ್ಚಿ ಒರೆಸಿ ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು. ಅತ್ತದ್ದನ್ನು ಕಾಂತೇಶ ನೋಡಲಿಲ್ಲ. ಅವಳು ಬಡಿಸಿದ ಸಾರಿಗೆ ಉಪ್ಪು ಹಾಕಿರಲಿಲ್ಲ, ಅದರಿಂದಲೇ ಅವನಿಗೆ ಗೊತ್ತಾಯಿತು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಉಂಡ.

ಕಲ್ಲಮ್ಮ ಮಾತ್ರ ಬರುವುದನ್ನು ಬಿಡಲಿಲ್ಲ. ಬಂದು ಅಂಗಡಿಯ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಊರ ಸುದ್ದಿ ಹೇಳುತ್ತಿದ್ದರು. ಕೊಳಲಿನ ಮಾತು ಎತ್ತುತ್ತಿರಲಿಲ್ಲ. ಮದುವೆಗಳಿಗೆ ಮೂವರೇ ಹೋಗುತ್ತಿದ್ದಾರೆಂದು ನೀಲಾಂಬಿಕೆಗೆ ಹೊನ್ನಕ್ಕನಿಂದ ತಿಳಿಯಿತು.

ನೀಲಾಂಬಿಕೆಯ ತಂಗಿ ಶಿವಾನಿ ನರ್ಸು. ಮೂರು ವರ್ಷದಿಂದ ಐರ್ಲೆಂಡಿನ ಗಾಲ್ವೆ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ. ಮಳೆ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅವಳ ಫೋನು ಬಂತು. ದನಿಯಲ್ಲೇ ಅವಸರ.

"ಅಕ್ಕಾ, ನಮ್ಮ ವಾರ್ಡಲ್ಲಿ ಒಬ್ರು ಅಜ್ಜ ಇದಾರೆ. ನಿನಗಾದ ಹಾಗೇ ಮುಖದ ಒಂದು ಕಡೆ ಬಿದ್ದುಹೋಗಿದೆ. ನಿನಗಿಂತ ಜಾಸ್ತಿ. ಇವತ್ತು ಅವರ ಮಗಳು ಒಂದು ಉದ್ದನೆ ಕೊಳವೆ ತಂದುಕೊಟ್ಟಳು. ಅವರು ಅದನ್ನ ಬಾಯಿಯ ಮೂಲೆಗೆ ಇಟ್ಟುಕೊಂಡು ಊದಿದ್ರು ಕಣೆ! ನಾವು ನರ್ಸುಗಳೆಲ್ಲ ಕೆಲಸ ಬಿಟ್ಟು ಕೇಳಿದ್ವಿ."

"ಅಡ್ಡ ಹಿಡಿಯೋದಾ?"

"ಇಲ್ಲ, ನೇರ. ಪೀಪಿ ಹಾಗೆ. ಬಾಯಲ್ಲಿಟ್ಟು ಉಸಿರು ಬಿಟ್ರೆ ಆಯ್ತು, ತುಟಿ ಬಿಗಿಯೋದೇ ಬೇಡ. ಗಾಳಿಗೆ ದಾರಿ ಅದರೊಳಗೇ ಮಾಡಿರ್ತಾರೆ. ಇಲ್ಲಿ ವಿಸಲ್ ಅಂತಾರೆ. ಹಳ್ಳಿ ಹಾಡಿಗೆಲ್ಲ ಇದನ್ನೇ ಊದೋದಂತೆ."

ನೀಲಾಂಬಿಕೆ ಮರುದಿನವೇ ಬಜಾರಿನಲ್ಲಿ ಹುಡುಕಿ ಒಂದು ಪ್ಲಾಸ್ಟಿಕ್ ಪೀಪಿ ತಂದಳು. ಮಕ್ಕಳು ಆಡುವಂಥದ್ದು. ಬಾಯಿಯ ಬಲ ಮೂಲೆಗಿಟ್ಟು ಊದಿದಳು. ಸ್ವರ ಬಂತು! ಒಂಬತ್ತು ತಿಂಗಳ ನಂತರ ಅವಳ ಉಸಿರಿನಿಂದ ಒಂದು ಸ್ವರ ಬಂತು. ಪಕ್ಕದ ಚಪ್ಪಲಿ ಅಂಗಡಿಯವರು ಇಣುಕಿ ನೋಡಿದರು. ಆದರೆ ಕಲ್ಲಮ್ಮ ಬಂದು ಅದರ ಜೊತೆ ಹಾಡಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಲ್ಲಮ್ಮನ ದನಿ ನೆಲದ ಮೇಲೆ, ಪೀಪಿಯ ದನಿ ಮಾಡಿನ ಮೇಲೆ.

"ಕಂಡಕ್ಟರು ಸೀಟಿ ಹೊಡ್ದಂಗಾಯ್ತಲೇ" ಎಂದರು ಕಲ್ಲಮ್ಮ. "ನಾನೀಗ ಬಸ್ಸು ಇಳೀಬೇಕಾ ಹತ್ತಬೇಕಾ?"

ನಕ್ಕ ಮೇಲೆ ನೀಲಾಂಬಿಕೆ ಶಿವಾನಿಗೆ ಹೇಳಿದಳು: "ಸಣ್ಣದು ಬೇಡ. ಅಪ್ಪನ ಕೊಳಲಿನಷ್ಟು ಕೆಳಗಿನ ದನಿಯದ್ದು ಇದೆಯಾ ಕೇಳು."

ಇತ್ತು. ಆ ಅಜ್ಜ ಊದಿದ್ದೂ ಅಂಥದ್ದೇ. ಅದಕ್ಕೆ ಲೋ ವಿಸಲ್ ಎಂದು ಹೆಸರು. ಆದರೆ ಒಂದು ಅಂಗಡಿಯಲ್ಲೇ ನಾಲ್ಕು ಬಗೆ ಇದ್ದವು, ಒಂದೊಂದರ ದನಿ ಒಂದೊಂದು ಥರ. ಯಾವುದನ್ನು ತರುವುದು? ಶಿವಾನಿಗೆ ಸಂಗೀತ ಅಷ್ಟಕ್ಕಷ್ಟೆ. "ನೀನೇ ಕೇಳಿ ಆರಿಸು ಅಕ್ಕ. ನಾನು ಅಂಗಡಿಯಿಂದಲೇ ಫೋನು ಮಾಡ್ತೀನಿ" ಎಂದಳು.

ಗೊತ್ತುಮಾಡಿದ ದಿನ ಕಲ್ಲಮ್ಮ ಬೇಗಾರಿನಿಂದ ಬೆಳಿಗ್ಗೆಯೇ ಬಂದು ಮಗಳ ಮನೆಯಲ್ಲಿ ಉಂಡು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದಿದ್ದರು. ಯಾರಿಗೂ ಕಾಣದಿದ್ದರೇನಂತೆ, ಹಾಡುವುದಲ್ಲವೇ. ಕಾಂತೇಶ ಬಸ್ಸುಗಳ ಸದ್ದು ಬರದಿರಲೆಂದು ಷಟರ್ ಅರ್ಧ ಇಳಿಸಿ, ಫೋನಿನ ಸ್ಪೀಕರ್ ಒತ್ತಿದ. ಇಲ್ಲಿ ಸಂಜೆ ಕಾಫಿಯ ಹೊತ್ತು, ಅಲ್ಲಿ ಇನ್ನೂ ಬೆಳಿಗ್ಗೆ.

"ಅಂಗಡಿಯವರು ಮೊದಲು ಹಾಡು ಕೇಳಬೇಕಂತೆ" ಎಂದಳು ಶಿವಾನಿ. "ಯಾವ ದನಿಗೆ ಬೇಕು ಅಂತ ಗೊತ್ತಾಗೋಕೆ."

ಕಲ್ಲಮ್ಮ ಫೋನಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡರು. ವಿದೇಶಕ್ಕೆ ಕೇಳಿಸಬೇಕೆಂದು ಕೂಗಲಿಲ್ಲ. ಮದುವೆಮನೆಯ ಜಗಲಿಯಲ್ಲಿ ಹಾಡುವಷ್ಟೇ ಹಾಡಿದರು.

"ಹೊಳೆಯ ದಾಟಿ ಬಂದಾಳೆ ಮನೆಸೊಸೆ ಮುದ್ದು
ಕಾಲಂದುಗೆ ನೆನೆದಾವೆ, ಒಲೆ ಹಚ್ಚಿರವ್ವ..."

ಮುಗಿದ ಮೇಲೆ ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಲೈನು ಹೋಯಿತೆಂದು ಕಾಂತೇಶ ಫೋನಿನ ತಂತಿ ಅಲುಗಿಸಿದ. ಆಮೇಲೆ ಅಂಗಡಿಯವನದು, ಒಂದು ಮುದುಕ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಇನ್ನೊಂದ್ಸಲ ಹಾಡ್ತಾರಾ ಅಂತ ಕೇಳ್ತಿದಾರೆ ಅಕ್ಕ. ದನಿ ನೋಡೋಕಲ್ಲ, ಸುಮ್ನೆ ಕೇಳೋಕೆ" ಎಂದಳು ಶಿವಾನಿ.

"ಮೊದ್ಲು ಕೊಳಲು. ಹಾಡು ಆಮೇಲೆ" ಎಂದರು ಕಲ್ಲಮ್ಮ. ಆದರೂ ಸೆರಗು ಸರಿಮಾಡಿಕೊಂಡರು.

ಮುದುಕ ಒಂದೊಂದಾಗಿ ಊದಿದ. ಫೋನಿನಲ್ಲಿ ದನಿ ಹೋಗಿ ಬರಲು ಚೂರು ತಡವಾಗುತ್ತಿದ್ದರಿಂದ ಹಾಡಿಗೆ ಜೊತೆಯಾಗಿ ಊದಲು ಆಗಲಿಲ್ಲ. ಅದಕ್ಕೆ ನೀಲಾಂಬಿಕೆಯೇ ಉಪಾಯ ಹೇಳಿದಳು: ಅವರು ಒಂದೇ ಸ್ವರವನ್ನು ಉದ್ದಕ್ಕೆ ಹಿಡಿಯಲಿ, ಅದರ ಮೇಲೆ ಕಲ್ಲಮ್ಮ ಹಾಡಲಿ. ಮೊದಲನೆಯದು ಶ್ರುತಿಗೆ ಕೂರಲಿಲ್ಲ. ಎರಡನೆಯದು ಹಿತ್ತಾಳೆಯದು, ಕೆಳಗೆ ಚೆನ್ನಾಗಿತ್ತು, ಮೇಲೆ ಹೋದರೆ ಕಿವಿ ಚುಚ್ಚಿತು. ಮೂರನೆಯದು ಕೇಳಿದೊಡನೆ ಕಾಂತೇಶ ತಲೆಯಾಡಿಸಿದ. ಒಂದಿಷ್ಟೂ ಕಲಬೆರಕೆಯಿಲ್ಲದ, ದುಂಡಗಿನ ದನಿ. ನಾಲ್ಕನೆಯದು ಅಲ್ಯೂಮಿನಿಯಂನದು. ಅದರ ಸ್ವರದ ಜೊತೆಗೇ ಗಾಳಿ ಸುಯ್ಯೆನ್ನುವುದೂ ಕೇಳಿಸುತ್ತಿತ್ತು, ಯಾರೋ ಹತ್ತಿರದಲ್ಲೇ ಉಸಿರಾಡುತ್ತಿರುವಂತೆ.

ನಡುವೆ ಶಿವಾನಿ ಏನು ಮಾಡುತ್ತಿದ್ದಳೆಂದರೆ, ಆಸ್ಪತ್ರೆಯಿಂದ ತಂದ ಹತ್ತಿಯನ್ನು ಎಡಗಡೆಯ ತುಟಿಯೊಳಗೆ ತುರುಕಿಕೊಂಡು, ಅಕ್ಕನ ಬಾಯಿಯ ಹಾಗೆ ತನ್ನ ಬಾಯಿ ಮಾಡಿಕೊಂಡು, ಪ್ರತಿಯೊಂದನ್ನೂ ತಾನೂ ಊದಿ ನೋಡುತ್ತಿದ್ದಳು. ಮಾತು ತೊದಲುತ್ತಿತ್ತು.

"ಮೂರನೇದು ಸುಲಭ ಅಕ್ಕ. ಸ್ವಲ್ಪ ಉಸಿರು ಸಾಕು. ನಾಲ್ಕನೇದು ಗಾಳಿ ಕುಡಿಯುತ್ತೆ. ಒಂದು ಸ್ವರ ಹಿಡಿಯೋಕೇ ನಂಗೆ ತಲೆ ತಿರುಗ್ತು. ನಿಂಗೆ ಎಡಗಡೆಯಿಂದ ಗಾಳಿ ಬೇರೆ ಸೋರತ್ತೆ. ಮೂರನೇದೇ ತಗೋ."

"ಮತ್ತೊಮ್ಮೆ ಎರಡೂ ಊದಲಿ" ಎಂದಳು ನೀಲಾಂಬಿಕೆ. "ಕಲ್ಲಮ್ಮ, ನೀವು ಎರಡಕ್ಕೂ ಹಾಡಿ."

ಕಣ್ಣು ಮುಚ್ಚಿ ಕೇಳಿದಳು. ಮೂರನೆಯದು ಹಾಡಿನ ಪಕ್ಕದಲ್ಲಿ ಬೇರೆಯಾಗಿ ನಿಂತಿತು. ಅದೂ ಚಂದ, ಇದೂ ಚಂದ, ಆದರೆ ಎರಡು. ನಾಲ್ಕನೆಯದಕ್ಕೆ ಕಲ್ಲಮ್ಮ ಹಾಡಿದಾಗ ಸಾಲಿನ ಕೊನೆಯಲ್ಲಿ ಅವರ ದನಿ ಎಲ್ಲಿ ಮುಗಿಯಿತು, ಕೊಳವೆಯ ದನಿ ಎಲ್ಲಿ ಉಳಿಯಿತು ಎಂದು ಹೇಳುವುದಕ್ಕೇ ಆಗಲಿಲ್ಲ.

"ನಾಲ್ಕನೇದು."

ಕಲ್ಲಮ್ಮ ತಿರುಗಿ ನೋಡಿದರು. "ಹುಚ್ಚಾ ನಿಂಗೆ? ಸಲೀಸಾದ್ದು ತಗ ಮಾರಾಯ್ತಿ. ನಂಗೆ ಯಾವ್ದಾದ್ರೂ ಆಗ್ತದೆ."

"ನಂಗೆ ಆಗಲ್ಲ" ಎಂದಳು ನೀಲಾಂಬಿಕೆ. "ಊದೋದು ಕಲಿಯಬಹುದು. ಈ ದನಿ ಕಲಿತರೆ ಬರಲ್ಲ."

ಆಮೇಲೆ ಕಲ್ಲಮ್ಮ ಮಾತಿಗೆ ತಪ್ಪದೆ ಆ ಮುದುಕನಿಗಾಗಿ ಇಡೀ ಹಾಡು ಹಾಡಿದರು. ಮುಗಿದಾಗ ಅತ್ತ ಕಡೆ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಒಬ್ಬರದಲ್ಲ, ನಾಲ್ಕೈದು ಜನರದು. ಅಂಗಡಿಗೆ ಬಂದಿದ್ದವರೂ ನಿಂತು ಕೇಳಿದ್ದರು.

ದೀಪಾವಳಿಗೆ ರಜೆಯ ಮೇಲೆ ಬಂದ ಶಿವಾನಿ ಅದನ್ನು ಸೀರೆಯೊಳಗೆ ಸುತ್ತಿ ತಂದಳು. ಎರಡು ಗೇಣಿಗಿಂತ ಉದ್ದ, ಮಂಕು ಬೆಳ್ಳಿಯ ಬಣ್ಣ, ಮೇಲ್ಮೈಯಲ್ಲಿ ಆರು ತೂತು. ಕಾಂತೇಶ ಕೈಯಲ್ಲಿ ತಿರುಗಿಸಿ ನೋಡಿ, "ಸೈಕಲ್ ಪಂಪಿನ ಹಾಗಿದೆ" ಎಂದ. ಅಲ್ಯೂಮಿನಿಯಂ ಪಾತ್ರೆ ಮಾರುವವನಾದ್ದರಿಂದ ಉಗುರಿನಿಂದ ತಟ್ಟಿ, "ಮಾಲು ಒಳ್ಳೇದು" ಎಂದೂ ಸೇರಿಸಿದ.

ಮೊದಲ ದಿನ ನೀಲಾಂಬಿಕೆಯ ಬೆರಳುಗಳು ತೂತಿನಿಂದ ತೂತಿಗೆ ಎಟುಕಲೇ ಇಲ್ಲ. ಅಷ್ಟು ದೂರ ದೂರ. ಬೆರಳ ತುದಿ ಇಟ್ಟರೆ ಒಂದು ಮುಚ್ಚುವಾಗ ಇನ್ನೊಂದು ತೆರೆದುಕೊಳ್ಳುತ್ತಿತ್ತು. ವಾರ್ಡಿನ ಅಜ್ಜ ಹೇಳಿಕಳಿಸಿದ್ದನ್ನು ಶಿವಾನಿ ತೋರಿಸಿದಳು: ತುದಿಯಲ್ಲ, ಬೆರಳನ್ನು ಚಪ್ಪಟೆಯಾಗಿ ಅಡ್ಡ ಮಲಗಿಸಬೇಕು, ನಡುವಿನ ಗೆಣ್ಣಿನ ಮಾಂಸ ತೂತು ಮುಚ್ಚಬೇಕು. ಮೂವತ್ತು ವರ್ಷ ಕೊಳಲು ಊದಿದ ಕೈ ಹೊಸದಾಗಿ ಕಲಿಯಬೇಕಾಯಿತು. ಅವಳು ಅಂಗಡಿಯಲ್ಲಿ ಕೂತು ಗಿರಾಕಿಗೆ ಲೋಟ ತೋರಿಸುವಾಗಲೂ ಎಡಗೈಯ ಬೆರಳುಗಳನ್ನು ಕೊಳಗದ ಅಂಚಿನ ಮೇಲೆ ಮಲಗಿಸಿ ಎತ್ತಿ ಅಭ್ಯಾಸ ಮಾಡುತ್ತಿದ್ದಳು.

ಉಸಿರಿನ ಕಷ್ಟ ಇನ್ನೂ ದೊಡ್ಡದು. ಶಿವಾನಿ ಹೇಳಿದ್ದು ನಿಜವಾಗಿತ್ತು. ಬಲ ಮೂಲೆಗೆ ಇಟ್ಟು ಊದಿದರೂ ಎಡಗಡೆಯಿಂದ ಗಾಳಿ ಸೋರುತ್ತಿತ್ತು. ಅರ್ಧ ಸಾಲಿಗೇ ಉಸಿರು ಮುಗಿದು, ಕಣ್ಣು ಕತ್ತಲಿಟ್ಟು, ಕವುಚಿಟ್ಟ ಹಂಡೆಯ ಮೇಲೆ ಕೂತುಬಿಡುತ್ತಿದ್ದಳು. ಚಳಿಗೆ ಉಸಿರಿನ ಹಬೆ ಕೊಳವೆಯೊಳಗೆ ನೀರಾಗಿ ಕೂತು ದನಿ ಕಟ್ಟುತ್ತಿತ್ತು. ಊದುವ ಮೊದಲು ಅದರ ತಲೆಯನ್ನು ಸೆರಗಿನೊಳಗೆ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುವುದನ್ನು ತಾನೇ ಕಂಡುಕೊಂಡಳು. ಡಾಕ್ಟರು ಹೇಳಿದ್ದ ತುಟಿಯ ವ್ಯಾಯಾಮವನ್ನು ಮತ್ತೆ ಶುರುಮಾಡಿದಳು. ಒಂದು ವಾರ ಒಂದೇ ಸಾಲು. ಅದು ಬಂದ ಮೇಲೆ ಎರಡನೆಯದು. ಮೂರನೆಯದನ್ನೇ ತಗೊಂಡಿದ್ದರೆ ಎಂದು ಕಾಂತೇಶ ಒಂದೇ ಒಂದು ಸಲ ಅಂದ. ಅವಳು ನೋಡಿದ ನೋಟಕ್ಕೆ ಮತ್ತೆ ಅನ್ನಲಿಲ್ಲ. ಆದರೆ ಚಪ್ಪಲಿ ಅಂಗಡಿಯವರ ಹತ್ತಿರ, "ನಾನಾಗಿದ್ರೆ ಎರಡನೇ ದಿನಕ್ಕೆ ಬಿಡ್ತಿದ್ದೆ ಮಾರಾಯ. ಇವಳು ಮನುಷ್ಯಳೇ ಅಲ್ಲ" ಎಂದು ಹೇಳಿಕೊಂಡು ತಿರುಗಿದ. ಅವನ ದನಿಯಲ್ಲಿದ್ದ ಹೆಮ್ಮೆ ಇಡೀ ಬೀದಿಗೆ ಗೊತ್ತಾಯಿತು.

ಫೆಬ್ರವರಿಯಲ್ಲಿ ಬಾಳಗಡಿಯ ಕಾಲೇಜಿನಲ್ಲಿ ಜನಪದ ಹಾಡುಗಳ ಕಾರ್ಯಕ್ರಮ ಇತ್ತು. ಕಲ್ಲಮ್ಮನ ತಂಡಕ್ಕೂ ಕರೆ ಬಂತು. "ನಾಲ್ಕು ಜನ ಬರ್ತೀವಿ ಅಂತ ಹೇಳಿಬಿಟ್ಟಿದೀನಿ" ಎಂದರು ಕಲ್ಲಮ್ಮ. ನೀಲಾಂಬಿಕೆಗೆ ಆಗ ಒಂದು ಹಾಡಿನ ಅರ್ಧಕ್ಕಿಂತ ಹೆಚ್ಚು ಒಟ್ಟಿಗೆ ಊದಲು ಬರುತ್ತಿರಲಿಲ್ಲ.

"ಅಷ್ಟಕ್ಕೆಲ್ಲ ಉಸಿರು ಸಾಲಲ್ಲ ಕಲ್ಲಮ್ಮ."

"ಸಾಲದಿದ್ರೆ ನಿಲ್ಸು. ನಾವೇನು ಓಡಿಹೋಗ್ತೀವಾ?"

ಕಾಲೇಜಿನ ಸಭಾಂಗಣ ಹುಡುಗ ಹುಡುಗಿಯರಿಂದ ತುಂಬಿತ್ತು. ಕಲ್ಲಮ್ಮನ ತಂಡಕ್ಕಿಂತ ಮೊದಲು ಕೀಬೋರ್ಡು, ತಬಲ ಎಲ್ಲ ಇಟ್ಟುಕೊಂಡ ತಂಡ ಹಾಡಿ ಕುಣಿಸಿ ಹೋಗಿತ್ತು. ನಾಲ್ವರು ಹೆಂಗಸರು ಚಾಪೆಯ ಮೇಲೆ ಕೂತಾಗ ಹಿಂದಿನ ಸಾಲಿನಲ್ಲಿ ಮಾತು ನಿಂತಿರಲಿಲ್ಲ. ನೀಲಾಂಬಿಕೆ ಸೆರಗಿನೊಳಗಿಂದ ಆ ಉದ್ದನೆಯ ಕೊಳವೆಯನ್ನು ತೆಗೆದಾಗ ಯಾರೋ ನಕ್ಕರು. ಅವಳು ಅದನ್ನು ಬಾಯಿಯ ಬಲ ಮೂಲೆಗೆ ಇಟ್ಟುಕೊಂಡಳು. ಮುಖ ಸೊಟ್ಟ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು. ತಲೆ ತಗ್ಗಿಸದೆ ಎದುರಿಗೇ ನೋಡಿದಳು.

ಕಲ್ಲಮ್ಮ ಹೊಳೆ ದಾಟಿದ ಸೊಸೆಯ ಹಾಡನ್ನೇ ಎತ್ತಿದರು. ಮೊದಲ ಸಾಲು ದಾಟಿತು, ಎರಡನೆಯದೂ ದಾಟಿತು. ಕೊಳವೆಯ ದನಿ ಕಲ್ಲಮ್ಮನ ದನಿಯ ಕೆಳಗೆ ಸೇರಿಕೊಂಡ ಹಾಗೆ ಹಿಂದಿನ ಸಾಲಿನ ಮಾತು ಇಳಿಯಿತು. ಮೂರನೆಯ ಸಾಲಿನ ಕೊನೆಗೆ ನೀಲಾಂಬಿಕೆಯ ಎದೆ ಖಾಲಿಯಾಯಿತು. ಇನ್ನು ಹೊನ್ನಕ್ಕ ಸೀತಕ್ಕ ಅದನ್ನು ತಿರುಗಿ ಹಾಡಬೇಕು, ಅಲ್ಲಿ ಕೊಳಲು ನಿಲ್ಲುವಂತಿಲ್ಲ. ನಿಲ್ಲುತ್ತದೆ ಎಂದುಕೊಂಡಳು.

ಆಗ ಕಲ್ಲಮ್ಮ ಸಾಲನ್ನು ಮುಗಿಸಲಿಲ್ಲ. ಕೊನೆಯ "ಅವ್ವ"ವನ್ನು ಬಿಡದೆ ಹಿಡಿದರು. ಎಂದೂ ಹಾಗೆ ಹಾಡಿದವರಲ್ಲ. ಅದರ ಕೊನೆಯ ಅಕ್ಷರವನ್ನು ಮೆಲ್ಲಗೆ ಕೆಳಗಿಳಿಸಿ, ಮತ್ತೆ ಮೇಲೆತ್ತಿ, ಹಾಗೇ ನಿಲ್ಲಿಸಿಕೊಂಡರು. ನೀಲಾಂಬಿಕೆ ಕೊಳಲು ಸರಿಸಿ ಹೊಟ್ಟೆಯವರೆಗೂ ಉಸಿರೆಳೆದುಕೊಂಡಳು. ಅವಳು ಮತ್ತೆ ಬಾಯಿಗಿಟ್ಟ ಮೇಲಷ್ಟೇ ಕಲ್ಲಮ್ಮ ಆ ದನಿಯನ್ನು ಅವಳ ಸ್ವರಕ್ಕೆ ಒಪ್ಪಿಸಿ ಬಿಟ್ಟರು. ಮುಂದಿನ ಸಾಲಿನ ಕೊನೆಯಲ್ಲೂ ಹಾಗೆಯೇ. ಅದರ ಮುಂದೆಯೂ. ಹೊನ್ನಕ್ಕ ಮೊದಲು ಗಲಿಬಿಲಿಗೊಂಡು, ಆಮೇಲೆ ಅರ್ಥಮಾಡಿಕೊಂಡು ಕಾದಳು. ಕಲ್ಲಮ್ಮ ಒಮ್ಮೆಯೂ ನೀಲಾಂಬಿಕೆಯ ಕಡೆ ತಿರುಗಿ ನೋಡಲಿಲ್ಲ. ಎದುರಿಗಿದ್ದ ಮಕ್ಕಳಿಗೇ ಹಾಡುತ್ತಿದ್ದರು.

ಹಾಡು ಮುಗಿದಾಗ ಸಭಾಂಗಣದಲ್ಲಿ ಎದ್ದ ಚಪ್ಪಾಳೆಗೆ ಸೀತಕ್ಕ ಹೆದರಿ ಹೊನ್ನಕ್ಕನ ತೋಳು ಹಿಡಿದುಕೊಂಡಳು. ನಕ್ಕ ಹುಡುಗರೇ ಮುಂದೆ ಬಂದು ಕೊಳಲು ಮುಟ್ಟಿ ನೋಡಲು ಕೇಳಿದರು.

ಕನ್ನಡ ಪಾಠ ಮಾಡುವ ಮೇಷ್ಟರು ಪರಮಶಿವಯ್ಯ ಕಲ್ಲಮ್ಮನ ಹತ್ತಿರ ಬಂದು, "ಅಮ್ಮಾ, ಸಾಲಿನ ಕೊನೆ ಆ ಥರ ಎಳೆಯೋದನ್ನ ನಾನು ಬೇರೆಲ್ಲೂ ಕೇಳಿಲ್ಲ. ಎಷ್ಟು ಚೆನ್ನಾಗಿದೆ! ಯಾರಿಂದ ಕಲಿತಿರಿ?" ಎಂದು ಕೇಳಿದರು.

"ಅದು ಹಾಗೇ ಇರೋದು" ಎಂದರು ಕಲ್ಲಮ್ಮ.

ಹಿಂದಿರುಗುವಾಗ ನೀಲಾಂಬಿಕೆ ಅವರ ಪಕ್ಕದಲ್ಲಿ ನಡೆಯುತ್ತಾ ಕೇಳಿಯೇಬಿಟ್ಟಳು. "ನನಗೋಸ್ಕರ ಹಾಡನ್ನೇ ಬದಲಾಯಿಸಿದ್ರಲ್ಲ ಕಲ್ಲಮ್ಮ. ಮೊದಲೇ ಯೋಚನೆ ಮಾಡಿದ್ರಾ?"

"ಎಂತ ಯೋಚನೆ? ನಿನ್ನ ಉಸಿರು ಮುಗಿದದ್ದು ಕೇಳ್ತು, ಹಿಡಿದೆ." ಕಲ್ಲಮ್ಮ ರಸ್ತೆ ಬದಿಯಲ್ಲಿ ನಿಂತು ಎಲೆಯಡಿಕೆಯ ಚೀಲ ಬಿಚ್ಚಿದರು. "ನೀನು ನನ್ನ ದನಿಗಂತ ಕಷ್ಟದ್ದನ್ನೇ ಆರಿಸ್ಕಂಡೆ. ಅವತ್ತು ಫೋನಿನ ಮುಂದೆ ನಾನು ಹುಚ್ಚಾ ಅಂತ ಬೈದೆ, ಆದ್ರೆ ಅದು ನನ್ನ ಮನಸ್ಸಿಗೆ ಮುಟ್ಟಿತ್ತು ಮಾರಾಯ್ತಿ. ನನ್ನ ದನಿ ಒರಟು ಅಂತ ಅಂದವ್ರೇ ಹೆಚ್ಚು. ಅದಕ್ಕೆ ಜೋಡಿ ಹುಡುಕಿದವ್ರು ಯಾರಿದ್ರು?"

ನೀಲಾಂಬಿಕೆ ಕಲ್ಲಮ್ಮನ ಕೈಯಿಂದ ಚೀಲ ತೆಗೆದುಕೊಂಡು ತಾನು ಹಿಡಿದು ನಡೆದಳು.

ಆ ವರ್ಷದ ಬೇಸಿಗೆಯ ಮದುವೆಗಳಿಗೆ ನಾಲ್ವರೂ ಹೋದರು. ನೀಲಾಂಬಿಕೆಯ ಉಸಿರು ದಿನದಿಂದ ದಿನಕ್ಕೆ ಗಟ್ಟಿಯಾಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಕಲ್ಲಮ್ಮ ಸಾಲಿನ ಕೊನೆ ಹಿಡಿಯದೆಯೂ ಇಡೀ ಹಾಡು ಊದಬಲ್ಲವಳಾದಳು. ಆದರೂ ಯಾರೂ ಆ ಎಳೆತವನ್ನು ಬಿಡಲಿಲ್ಲ. ಕಿಗ್ಗದ ಕಡೆಯ ಸೊಸೆಯಂದಿರು ಈಗ ಸೋಬಾನೆ ಕಲಿಯುವಾಗ ಸಾಲಿನ ಕೊನೆಯನ್ನು ಹಾಗೇ ಕೆಳಗಿಳಿಸಿ ಮೇಲೆತ್ತಿ ಹಿಡಿಯುತ್ತಾರೆ. ಒಬ್ಬಳು ಸರಿಯಾಗಿ ಹಿಡಿಯದಿದ್ದರೆ ಹೊನ್ನಕ್ಕ ನಿಲ್ಲಿಸಿ, "ಅಷ್ಟು ಬೇಗ ಬಿಡಬೇಡ ಕೂಸೇ" ಎಂದು ಮತ್ತೆ ಹಾಡಿಸುತ್ತಾಳೆ.